ಪಂಢರಪುರದ ಹಾದಿಯಲ್ಲೊಂದು ಕ್ಯಾಮೆರಾ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಪಂಢರಪುರದ ವಾರಿಯೆಂದರೆ ಮೊದಲು ನೆನಪಾಗುವುದು ವಾಹನ ಸಂಚಾರಕ್ಕೆ ಮುಚ್ಚಿದ ರಸ್ತೆಗಳು. ಜ್ಯೇಷ್ಠ ಮಾಸದ ಕೃಷ್ಣಪಕ್ಷದಲ್ಲಿ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಹೊರಟು ಪುಣೆಗೆ ಬಂದು ಎರಡು ರಾತ್ರಿ ತಂಗುತ್ತವೆ. ಒಂದು ಭವಾನಿ ಪೇಟೆಯ ಪಾಲಖಿ ವಿಠೋಬಾ ಮಂದಿರದಲ್ಲಿ, ಇನ್ನೊಂದು ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾ ಮಂದಿರದಲ್ಲಿ. ಆಗ ಬಸ್ಸುಗಳ ಮಾರ್ಗ ಬದಲಾಗುತ್ತದೆ, ಬ್ಯಾಂಕಿನ ಕೌಂಟರಿನ ಮುಂದೆ ಗಿರಾಕಿಗಳು ವಿರಳವಾಗುತ್ತಾರೆ. ನಾವು ಬಾಲ್ಕನಿಯಿಂದಲೇ ಕೈಮುಗಿದು, ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು, ಅವನ್ನು ಊರಿನ ಬಂಧುಗಳಿಗೆ ಕಳುಹಿಸಿ, ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ.

ಹೀಗೆ ತೆಗೆದ ಚಿತ್ರಗಳ ಗತಿ ಏನು ಎಂಬುದೇ ಪ್ರಸ್ತುತ ಲೇಖನದ ವಿಷಯ. ವಾರಿಯ ಕಾಲದಲ್ಲಿ ತೆಗೆಯಲ್ಪಡುವ ಚಿತ್ರಗಳಿಗೆ ಇಂದು ಲೆಕ್ಕವೇ ಇಲ್ಲ. ಆದರೆ ಮೂವತ್ತು ವರ್ಷಗಳ ಅನಂತರ ನಮ್ಮ ಮಕ್ಕಳು ಅವುಗಳಲ್ಲೊಂದನ್ನು ಕೈಗೆತ್ತಿಕೊಂಡರೆ ಅವರಿಗೆ ತಿಳಿಯುವುದೇನು? ಬಿಳಿ ಟೋಪಿಯ ಒಬ್ಬ ಮುದುಕ, ಕೇಸರಿ ಪತಾಕೆ, ಮಳೆ. ಆತ ಯಾರು, ಯಾವ ಊರಿನವನು, ಅದು ಯಾವ ವರ್ಷ, ಯಾವ ಹಾದಿ? ಇವೊಂದೂ ಇಲ್ಲದಿದ್ದರೆ ಅದು ಚೆಂದದ ಚಿತ್ರವಾದೀತೇ ಹೊರತು ದಾಖಲೆಯಾಗಲಾರದು. ನಾನು ಬ್ಯಾಂಕಿನ ನೌಕರ, ಓದಿದ್ದು ವಾಣಿಜ್ಯಶಾಸ್ತ್ರ. ಛಾಯಾಗ್ರಹಣವನ್ನು ಯಾವ ಗುರುವಿನ ಬಳಿಯೂ ಕಲಿತವನಲ್ಲ. ಆದರೆ ವಿವರಣೆಯಿಲ್ಲದ ವೋಚರನ್ನು ಲೆಕ್ಕ ತಪಾಸಣೆಯವರು ಒಪ್ಪುವುದಿಲ್ಲವೆಂಬುದನ್ನು ಚೆನ್ನಾಗಿ ಬಲ್ಲೆ. ಮೊತ್ತ ಸರಿಯಿರಬಹುದು, ಸಹಿಯೂ ಇರಬಹುದು. ಯಾರಿಗೆ, ಯಾವ ಬಾಬಿಗೆ, ಯಾವ ದಿನ ಎಂಬುದಿಲ್ಲದಿದ್ದರೆ ಅದೊಂದು ಕಾಗದದ ಚೂರು. ಹಬ್ಬಹರಿದಿನಗಳ ಛಾಯಾಚಿತ್ರಕ್ಕೂ ಇದೇ ನಿಯಮ ಸಲ್ಲುತ್ತದೆಂಬುದು ನನ್ನ ಅಭಿಪ್ರಾಯ.

ವಾರಿ ಮರಾಠಿಗರ ಸಂಪ್ರದಾಯ, ಅದರಲ್ಲಿ ನಮಗೇನು ಕೆಲಸ ಎಂದು ಕೇಳುವವರುಂಟು. ಅಂಥವರಿಗೆ ನಾನು ಕುದುರೆಯ ಕಥೆ ಹೇಳುತ್ತೇನೆ. ಜ್ಞಾನೇಶ್ವರರ ಪಾಲಖಿಯೊಡನೆ ಎರಡು ಕುದುರೆಗಳು ನಡೆಯುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಯಾರೂ ಇರುವುದಿಲ್ಲ, ಅದರ ಮೇಲೆ ‘ಮಾವುಲಿ’, ಅಂದರೆ ಸ್ವತಃ ಜ್ಞಾನೇಶ್ವರರು, ಕುಳಿತಿದ್ದಾರೆಂಬುದು ನಂಬಿಕೆ. ಈ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಅಂಕಲಿ ಗ್ರಾಮದಿಂದ! ಹೈಬತರಾವ್ ಬಾಬಾ ಆರಫಳಕರ ಎಂಬ ಭಕ್ತರು 1830ರ ದಶಕದಲ್ಲಿ ಪಾಲಖಿಯ ಈಗಿನ ವ್ಯವಸ್ಥೆಯನ್ನು ರೂಪಿಸಿದಾಗ, ಅಂಕಲಿಯ ಸರದಾರ ಶಿತೋಳೆ ಮನೆತನದವರು ಕುದುರೆ ಮೊದಲಾದ ಪರಿಕರಗಳನ್ನು ಒದಗಿಸಿದರು. ಆ ಸೇವೆ ಇಂದಿಗೂ ನಡೆದಿದೆ. ಪ್ರತಿ ವರ್ಷ ಕುದುರೆಗಳು ಕನ್ನಡ ನೆಲದಿಂದ ಹೊರಟು, ಸುಮಾರು 300 ಕಿ.ಮೀ. ನಡೆದು ಆಳಂದಿಯನ್ನು ಸೇರಿದ ಮೇಲೆಯೇ ಪಾಲಖಿಯ ಪ್ರಸ್ಥಾನ.

ಇನ್ನು ದೇವರ ವಿಷಯ. ಜ್ಞಾನೇಶ್ವರರ ಅಭಂಗವೊಂದು ವಿಠ್ಠಲನನ್ನು ಕರ್ನಾಟಕದವನೆಂದೇ ಕರೆದಿದೆ. ಮರಾಠಿಯ ಹಿರಿಯ ಸಂಶೋಧಕ ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ಈ ದೈವದ ಬೇರುಗಳನ್ನು ದಕ್ಷಿಣದ ಪಶುಪಾಲಕರ ನಡುವೆ ಹುಡುಕಿದ್ದಾರೆ; ಆ ಗ್ರಂಥಕ್ಕೆ 1987ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಮ್ಮ ದಾಸರ ಅಂಕಿತಗಳನ್ನಂತೂ ನೆನಪಿಸಬೇಕಾಗಿಯೇ ಇಲ್ಲ: ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳಿಂದ ಪಂಢರಪುರಕ್ಕೆ ನಡೆದುಬರುವ ಕನ್ನಡಿಗರೇನು ಕಡಿಮೆಯೇ?

ಹೀಗಿರುವಲ್ಲಿ, ಚಿತ್ರ ತೆಗೆಯುವವರ ಕಣ್ಣು ಎಲ್ಲಿ ಬೀಳುತ್ತದೆ? ಪುಣೆಯಿಂದ ಸಾಸವಡಕ್ಕೆ ಹೋಗುವ ದಿವೇ ಘಾಟಿನ ತಿರುವಿನಲ್ಲಿ ಕ್ಯಾಮೆರಾಗಳ ಜಾತ್ರೆಯೇ ನೆರೆಯುತ್ತದೆ. ಹಸುರು ಬೆಟ್ಟ, ಹಾವಿನಂತೆ ಸುತ್ತುವ ರಸ್ತೆ, ಅದರ ತುಂಬ ಬಿಳಿಯ ಪ್ರವಾಹ. ನಿಜಕ್ಕೂ ಕಣ್ಣಿಗೆ ಹಬ್ಬ. ಅದಾದ ಮೇಲೆ ರಿಂಗಣ. ತರಡಗಾವದ ಸಮೀಪ ಚಾಂದೋಬಾಚಾ ಲಿಂಬ ಎಂಬಲ್ಲಿ ನಿಂತ ರಿಂಗಣ, ಮುಂದೆ ಬಯಲುಗಳಲ್ಲಿ ದುಂಡು ರಿಂಗಣ. ಕುದುರೆ ಓಡುತ್ತದೆ, ಧೂಳು ಏಳುತ್ತದೆ, ನೂರು ಕ್ಯಾಮೆರಾಗಳು ಏಕಕಾಲಕ್ಕೆ ಮಿಡಿಯುತ್ತವೆ. ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವುದೂ ಬಹುಶಃ ಅದೇ ಚಿತ್ರ. ಪ್ರತಿ ವರ್ಷವೂ ಅದೇ ಕುದುರೆ, ಅದೇ ಧೂಳು. ಈ ಚಿತ್ರಗಳು ಬೇಡವೆಂದು ನಾನು ಹೇಳುವುದಿಲ್ಲ, ನಾನೂ ತೆಗೆದಿದ್ದೇನೆ. ಆದರೆ ವಾರಿಯು ಹೇಗೆ ನಡೆಯುತ್ತದೆಂಬುದನ್ನು ಅವು ತಿಳಿಸಲಾರವು.

ವಾರಿ ನಡೆಯುವುದು ದಿಂಡಿಗಳಿಂದ. ದಿಂಡಿಯೆಂದರೆ ಒಂದು ಊರಿನ ಅಥವಾ ಒಂದು ಗುರುಪರಂಪರೆಯ ವಾರಕರಿಗಳ ತಂಡ. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯುಂಟು, ರಥದ ಮುಂದೆ ಇಷ್ಟು, ಹಿಂದೆ ಇಷ್ಟು ಎಂದು ಗೊತ್ತಾದ ಸ್ಥಾನವುಂಟು. ಪತಾಕೆ ಹಿಡಿದವರು, ತಾಳದವರು, ಮೃದಂಗದವರು, ವೀಣೆ ಹಿಡಿದವರೊಬ್ಬರು, ತಲೆಯ ಮೇಲೆ ತುಳಸಿ ಬೃಂದಾವನ ಹೊತ್ತ ಸ್ತ್ರೀಯರು, ನೀರಿನ ಕೊಡ ಹೊತ್ತವರು. ಇವರ ಗಂಟುಮೂಟೆ, ಡೇರೆ, ಅಡುಗೆಯ ಪಾತ್ರೆಗಳನ್ನು ಹೊತ್ತ ಲಾರಿಯೊಂದು ಮುಂದಾಗಿ ಹೋಗಿ ಬೀಡು ಹಾಕುತ್ತದೆ. ಊಟದ ಖರ್ಚಿಗಾಗಿ ಸದಸ್ಯರು ಕೊಡುವ ಹಣಕ್ಕೆ ‘ಭಿಶಿ’ ಎಂದು ಹೆಸರು. ಅದಕ್ಕೊಂದು ವಹಿಯುಂಟು: ಹೆಸರು, ಊರು, ಬಂದ ಹಣ, ಕೊಂಡ ಅಕ್ಕಿಬೇಳೆ. ಒಂದು ಸಂಜೆ ಡೇರೆಯೊಳಗೆ ಲಾಂದ್ರದಂತೆ ತೂಗಿದ ವಿದ್ಯುದ್ದೀಪದ ಕೆಳಗೆ ದಿಂಡಿಯ ಹಿರಿಯರು ಅಂದಿನ ಜಮಾಖರ್ಚು ಬರೆಯುತ್ತಿದ್ದುದನ್ನು ಅವರ ಅಪ್ಪಣೆ ಪಡೆದು ಚಿತ್ರಿಸಿದೆ. ವೃತ್ತಿಯ ಮೋಹವೆಂದು ಮಿತ್ರರು ನಕ್ಕರು. ನಗಲಿ! ಇಷ್ಟು ಜನ ಇಷ್ಟು ದಿನ ನಡೆದು, ಉಂಡು, ಜಗಳವಿಲ್ಲದೆ ಮನೆಗೆ ಮರಳುವುದು ಭಕ್ತಿಯೊಂದರಿಂದಲೇ ಅಲ್ಲ, ಆ ವಹಿಯಿಂದಲೂ ಹೌದು. ನನ್ನ ಸಂಗ್ರಹದಲ್ಲಿ ರಿಂಗಣದ ಚಿತ್ರಗಳೆಲ್ಲ ಹೋದರೂ ಚಿಂತೆಯಿಲ್ಲ, ಇದೊಂದು ಉಳಿಯಲಿ ಎಂದು ನನಗೆ ಅನಿಸುವುದುಂಟು.

ಇಂಥದೇ ಇನ್ನೊಂದು ಗಳಿಗೆ ಸಂಜೆಯ ಸಮಾಜ ಆರತಿಯದು. ದಿಂಡಿಗಳು ಬೀಡಿನ ಬಯಲಿನಲ್ಲಿ ನೆರೆದಾಗ ತಾಳಮೃದಂಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಆಗ ಚೋಪದಾರರು ಬೆಳ್ಳಿಯ ದಂಡವನ್ನು ಮೇಲೆತ್ತುತ್ತಾರೆ, ತಟ್ಟನೆ ನಿಶ್ಶಬ್ದ. ಅನಂತರ ಆ ದಿನ ಕಳೆದುಹೋದ, ಸಿಕ್ಕ ವಸ್ತುಗಳ ಪ್ರಕಟಣೆ. ಧ್ವನಿವರ್ಧಕದಲ್ಲಿ ದಿನವಿಡೀ ಕೂಗಿದರೂ ನಮ್ಮ ಸಭೆಗಳಲ್ಲಿ ಸಿಗದ ಶಾಂತಿ ಒಂದು ಕೋಲಿನಿಂದ ಸಿಗುತ್ತದೆ. ನಿಶ್ಶಬ್ದವನ್ನು ಚಿತ್ರಿಸುವುದು ಹೇಗೆ? ನಾನು ದಂಡವನ್ನು ಬಿಟ್ಟು, ತಾಳವನ್ನು ಎದೆಗೊತ್ತಿ ಸದ್ದಡಗಿಸಿಕೊಂಡು ನಿಂತ ಕೈಗಳನ್ನು ಚಿತ್ರಿಸುತ್ತೇನೆ.

ಈ ಬಗೆಯ ಚಿತ್ರಣಕ್ಕೆ ನಮ್ಮ ದೇಶದಲ್ಲಿ ಹಿರಿಯರ ಮೇಲ್ಪಂಕ್ತಿ ಇಲ್ಲದಿಲ್ಲ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಜನಸಾಮಾನ್ಯರ ನಿತ್ಯಜೀವನವನ್ನೇ ತಮ್ಮ ಕ್ಯಾಮೆರಾದ ವಸ್ತುವಾಗಿ ಮಾಡಿಕೊಂಡರು; ಅವರಿಗೆ 1977ರಲ್ಲಿ ಪದ್ಮಶ್ರೀ ದೊರೆಯಿತು. ಬರೋಡೆಯ ಕಲಾವಿದ ಜ್ಯೋತಿ ಭಟ್ 1960ರ ದಶಕದ ಉತ್ತರಾರ್ಧದಿಂದ ಗುಜರಾತಿನ ಹಳ್ಳಿಗಳನ್ನು ಸುತ್ತಿ, ಸ್ತ್ರೀಯರು ಮಣ್ಣಿನ ಗೋಡೆಗಳ ಮೇಲೆ ಬರೆಯುತ್ತಿದ್ದ ಚಿತ್ತಾರಗಳನ್ನೂ ಅಂಗಳದ ರಂಗೋಲಿಯನ್ನೂ ಚಿತ್ರಿಸಿದರು. ಮಣ್ಣಿನ ಗೋಡೆಯ ಜಾಗದಲ್ಲಿ ಸಿಮೆಂಟಿನ ಗೋಡೆ ಬಂದ ಕಡೆಗಳಲ್ಲಿ ಚಿತ್ತಾರ ಉಳಿದಿರುವುದು ಛಾಯಾಚಿತ್ರದಲ್ಲಿ ಮಾತ್ರ. ಬರೆದ ಕೈಯನ್ನೂ ಬರೆದ ಚಿತ್ತಾರವನ್ನೂ ಒಟ್ಟಿಗೆ ತೋರಿಸಿದ್ದು ಅವರ ಹಿರಿಮೆ. 2019ರಲ್ಲಿ ಅವರಿಗೂ ಪದ್ಮಶ್ರೀ ಸಂದಿತು.

ಆದರೆ ವಾರಿಯ ಮಟ್ಟಿಗೆ ನಾನು ಹೆಚ್ಚು ಕಲಿತದ್ದು ಛಾಯಾಗ್ರಾಹಕರಿಂದಲ್ಲ, ಬರಹಗಾರರಿಂದ. ದಿ. ಬಾ. ಮೋಕಾಶಿಯವರು 1961ರಲ್ಲಿ ಪಾಲಖಿಯೊಡನೆ ನಡೆದು ‘ಪಾಲಖಿ’ ಎಂಬ ಪುಸ್ತಕವನ್ನು ಬರೆದರು. ಅದಕ್ಕೂ ಮೊದಲು ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರು ವಾರಿಯಲ್ಲಿ ನಡೆದು ಒಂದು ಪ್ರಬಂಧ ಬರೆದಿದ್ದಾರೆ. ಒಂದೇ ದಿಂಡಿಯಲ್ಲಿ ಒಂದೇ ಅಭಂಗ ಹಾಡಿಕೊಂಡು ನಡೆಯುವವರು ಊಟದ ಹೊತ್ತಿಗೆ ಜಾತಿಯ ಪ್ರಕಾರ ಬೇರೆ ಬೇರೆ ಕುಳಿತುಕೊಳ್ಳುತ್ತಿದ್ದುದನ್ನು ಅವರು ನೋವಿನಿಂದ ದಾಖಲಿಸಿದ್ದಾರೆ. ನಡೆಯುವಾಗಿನ ಚಿತ್ರವನ್ನಷ್ಟೇ ತೆಗೆದವನಿಗೆ ಇದು ಎಂದಾದರೂ ಕಂಡೀತೇ? ಮಹಾರ ಸಮುದಾಯದ ಸಂತ ಚೋಖಾಮೇಳರ ಸಮಾಧಿ ಪಂಢರಪುರದ ದೇವಾಲಯದ ಮಹಾದ್ವಾರದ ಹೊರಗಿದೆ. ದಲಿತರಿಗೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರ ಉಪವಾಸ ಸತ್ಯಾಗ್ರಹದ ತರುವಾಯ. ಆದ್ದರಿಂದ ಹಬ್ಬವನ್ನು ಚಿತ್ರಿಸಹೊರಟವರು ಪಂಕ್ತಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರು, ಬಡಿಸಿದವರು ಯಾರು, ಪಾತ್ರೆ ತೊಳೆದವರು ಯಾರು ಎಂಬುದನ್ನೂ ನೋಡಬೇಕು. ಬದಲಾಗಿದ್ದರೆ ಬದಲಾದುದನ್ನು ತೋರಿಸಲಿ, ಇಲ್ಲದಿದ್ದರೆ ಅದನ್ನೂ ತೋರಿಸಲಿ.

ಕೆಲವು ವರ್ಷಗಳ ಹಿಂದೆ ಫಲಟಣದಿಂದ ಮುಂದೆ ಬರಡದ ಹಾದಿಯಲ್ಲಿ, ಬೇವಿನ ಮರದ ಕೆಳಗೆ ಕುಳಿತಿದ್ದ ವೃದ್ಧ ದಂಪತಿಗಳನ್ನು ಕಂಡೆ. ಅಜ್ಜ ಹರಿದ ಚಪ್ಪಲಿಯ ಉಂಗುಟಕ್ಕೆ ಬಟ್ಟೆಯ ಚೂರು ಸುತ್ತುತ್ತಿದ್ದರು. ಅವರ ಮಾತು ಕಿವಿಗೆ ಬಿದ್ದೊಡನೆ ನಾನು, “ಯಾವೂರಾತ್ರಿ ಅಜ್ಜಾರ?” ಎಂದು ಕೇಳಿದೆ. ಅಥಣಿ ತಾಲೂಕಿನವರು. ಕನ್ನಡ ಕೇಳಿ ಇಬ್ಬರಿಗೂ ಹಿಗ್ಗು. ಒಂದು ಚಿತ್ರ ತೆಗೆಯಲೇ ಎಂದು ಕೇಳಿದಾಗ ಅಜ್ಜಿ ನನ್ನನ್ನೇ ದಿಟ್ಟಿಸಿ ನೋಡಿ, “ತಗೀಯಪ್ಪಾ, ತಗೀ. ಆದ್ರ ನಮಗೂ ಒಂದ ಕೊಡ್ತಿಯೇನ? ಹ್ವಾದ ವರ್ಸ ಎಷ್ಟ ಮಂದಿ ತಗದ್ರು, ಒಬ್ಬರರ ಕೊಟ್ರೇನ?” ಎಂದರು. ನಾನು ಹೆಸರು, ಊರು, ಅಂಚೆ, ದಿಂಡಿಯ ಸಂಖ್ಯೆ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡೆ. ಚಪ್ಪಲಿ ಕಟ್ಟುತ್ತಿದ್ದ ಚಿತ್ರವೊಂದು, ಅನಂತರ ಇಬ್ಬರೂ ಚಹ ಕುಡಿಯುತ್ತ ನಕ್ಕ ಚಿತ್ರವೊಂದು. ಊರಿಗೆ ಮರಳಿದ ವಾರದಲ್ಲಿಯೇ ಎರಡನ್ನೂ ಮುದ್ರಿಸಿ, ಹಿಂಬದಿಯಲ್ಲಿ ಸ್ಥಳ, ತಿಥಿ ಬರೆದು, ನನ್ನ ವಿಳಾಸ, ದೂರವಾಣಿ ಸಂಖ್ಯೆಯೊಡನೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ.

ಆ ಚಳಿಗಾಲದಲ್ಲಿ ಅವರ ಮೊಮ್ಮಗನಿಂದ ದೂರವಾಣಿ ಬಂತು. ಅಜ್ಜ ತೀರಿಕೊಂಡಿದ್ದರು. “ಸರ್, ಚಾ ಕುಡ್ಯಾಕತ್ತಿದ್ದ ಫೋಟೊದಾಗಿಂದ ಅಜ್ಜಂದಷ್ಟ ಬ್ಯಾರೆ ಮಾಡಿ ದೊಡ್ಡದ ಮಾಡಿ ಕೊಡ್ತೀರೇನ್ರಿ? ಮನ್ಯಾಗ ಬ್ಯಾರೆ ಫೋಟೊ ಇಲ್ರಿ. ಆಧಾರ ಕಾರ್ಡಿನಾಗಿಂದ ಒಂದ ಐತಿ, ಅದು ಅಜ್ಜನಂಗ ಕಾಣೂದ ಇಲ್ಲ” ಎಂದ. ದೊಡ್ಡದು ಮಾಡಿಸಿ ಕಳುಹಿಸಿದೆ. ಅಜ್ಜಿಗೆ ಮಾತ್ರ ಇಬ್ಬರೂ ಇರುವ ಚಿತ್ರವೇ ಬೇಕಂತೆ. ಅದನ್ನು ಆಕೆ ಯಾರ ಕೈಗೂ ಕೊಡದೆ ಟ್ರಂಕಿನಲ್ಲಿಟ್ಟುಕೊಂಡಿದ್ದಾಳೆಂದು ಹುಡುಗ ಹೇಳಿದ. ಎಷ್ಟೋ ಕ್ಯಾಮೆರಾಗಳು ಆ ಅಜ್ಜನನ್ನು ಸೆರೆಹಿಡಿದಿರಬೇಕು. ಅವು ಯಾವ ಯಾವ ನಗರಗಳ ಯಾವ ಯಾವ ಯಂತ್ರಗಳಲ್ಲಿ ಇವೆಯೋ! ಅವರ ಮನೆಯ ಗೋಡೆಗೆ ಮಾತ್ರ ಅವೊಂದೂ ಬರಲಿಲ್ಲ. ಜೋಡಿ ನಮೂದಿನ ಲೆಕ್ಕ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಕಡೆ ಪಡೆದುದಕ್ಕೆ ಇನ್ನೊಂದು ಕಡೆ ಎದುರು ನಮೂದು ಬೀಳಲೇಬೇಕು. ಮುದ್ರಣಕ್ಕೂ ಅಂಚೆಗೂ ತಗಲುವ ವೆಚ್ಚ ದೊಡ್ಡದೇನಲ್ಲ. ಒಂದು ಹೊತ್ತಿನ ಹೋಟೆಲಿನ ಉಪಾಹಾರವನ್ನು ಬಿಟ್ಟರೆ ಸಾಕು.

ಇದಕ್ಕೆ ವಿರುದ್ಧವಾದ ನೋಟಗಳೂ ಕಣ್ಣಿಗೆ ಬೀಳುತ್ತವೆ. ಫುಗಡಿ ಆಡಿ ದಣಿದ ಮುದುಕಿಯರನ್ನು, ಬೆಳಕು ಸರಿಬರಲಿಲ್ಲವೆಂದು ಮತ್ತೆರಡು ಬಾರಿ ಸುತ್ತಿಸಿದ ಮಹನೀಯರನ್ನು ನಾನು ನೋಡಿದ್ದೇನೆ. ಹೀಗೆ ಆಡಿಸಿ ತೆಗೆದ ಮೇಲೆ ಅದು ನಾಟಕದ ಚಿತ್ರ, ಹಬ್ಬದ್ದಲ್ಲ. ಇನ್ನೂ ಹೇಯವಾದುದು, ಬೆಳಗಿನ ಜಾವ ನೀರಿನ ಟ್ಯಾಂಕರಿನ ಬಳಿಯೋ ನೀರಾ ನದಿಯ ದಂಡೆಯಲ್ಲೋ ಸ್ನಾನ ಮಾಡುವ ಸ್ತ್ರೀಯರ ಕಡೆ ದೂರದಿಂದ ಮಸೂರ ತಿರುಗಿಸುವುದು. ಬಯಲಿನಲ್ಲಿ ಸ್ನಾನ ಮಾಡುವುದು ಅವರಿಗೆ ಅನಿವಾರ್ಯ. ಅದು ನಮಗೆ ಕೊಟ್ಟ ಪರವಾನಗಿಯಲ್ಲ. ನಮ್ಮ ತಾಯಿ, ಅಕ್ಕ ಅಲ್ಲಿದ್ದರೆ ತೆಗೆಯುತ್ತಿದ್ದೆವೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿಯೇ ದೊರೆಯುತ್ತದೆ. ನನ್ನ ಬಳಿ ದೂರದ ಮಸೂರವೇ ಇಲ್ಲ. 35 ಮತ್ತು 50 ಮಿಲಿಮೀಟರಿನ ಎರಡು ಸಣ್ಣ ಮಸೂರಗಳು ಮಾತ್ರ. ಇವುಗಳಿಂದ ಮುಖವನ್ನು ಚಿತ್ರಿಸಬೇಕಾದರೆ ಮಾತನಾಡುವಷ್ಟು ಹತ್ತಿರ ಹೋಗಲೇಬೇಕು. ಹತ್ತಿರ ಹೋದಮೇಲೆ ಕೇಳದೆ ತೆಗೆಯಲು ಮನಸ್ಸಾದರೂ ಹೇಗೆ ಬಂದೀತು?

ಉಪಕರಣಗಳ ಬಗ್ಗೆ ಹೆಚ್ಚು ಹೇಳಲಾರೆ. ಮೊಬೈಲ್ ಕ್ಯಾಮೆರಾ ಧಾರಾಳವಾಗಿ ಸಾಕು. ಒಂದೆರಡು ಮಾತು ಮಾತ್ರ ಉಪಯುಕ್ತವಾದೀತು. ಚೌಕಟ್ಟಿನ ತುಂಬ ಬಿಳಿಯ ಧೋತರ, ಬಿಳಿಯ ಟೋಪಿಗಳಿದ್ದಾಗ ಕ್ಯಾಮೆರಾ ಮೋಸಹೋಗಿ ಬೆಳಕನ್ನು ಕಡಿಮೆ ಮಾಡುತ್ತದೆ. ಬಿಸಿಲಿನಲ್ಲಿ ನಡೆದು ಕಪ್ಪಾದ ಮುಖಗಳು ಕತ್ತಲಾಗಿ ಮೂಡುತ್ತವೆ. ಆದ್ದರಿಂದ ಮುಖಕ್ಕೆ ಬೆಳಕನ್ನು ಹೊಂದಿಸಿಕೊಳ್ಳಬೇಕು. ಆಷಾಢದ ಮೋಡ ಛಾಯಾಗ್ರಾಹಕನಿಗೆ ಶತ್ರುವಲ್ಲ. ಅದು ನೆರಳನ್ನು ಮೃದುಗೊಳಿಸುತ್ತದೆ. ಮಳೆಯಲ್ಲಿ ಒದ್ದೆಯಾದ ಕ್ಯಾಮೆರಾವನ್ನು ಹಾಗೆಯೇ ಚೀಲದಲ್ಲಿ ಮುಚ್ಚಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುವುದು ನಿಶ್ಚಿತ.

ಕ್ಯಾಮೆರಾಕ್ಕಿಂತ ಮುಖ್ಯವಾದ ಉಪಕರಣ ಪಾದಗಳು. ಈ ಸಂಚಿಕೆಯಲ್ಲಿ ವೈದ್ಯ ಮಿತ್ರರು ಆರೋಗ್ಯದ ಕುರಿತು ವಿವರವಾಗಿ ಬರೆಯುವರಾದ್ದರಿಂದ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಆಳಂದಿಯಿಂದ ಪಂಢರಪುರ ಸುಮಾರು 250 ಕಿ.ಮೀ. ಪಾಲಖಿಯ ತಂಗುದಾಣಗಳಲ್ಲಿ ಸಂಜೆ ಸುತ್ತಾಡಿದರೆ ಎಲ್ಲೆಲ್ಲೂ ಪಾದಗಳೇ: ಎಣ್ಣೆ ಹಚ್ಚಿ ತಿಕ್ಕುವ ಸ್ವಯಂಸೇವಕರು, ಬೊಕ್ಕೆಗೆ ಔಷಧಿ ಹಚ್ಚುವ ವೈದ್ಯರು, ಹಣ ಪಡೆಯದೆ ಚಪ್ಪಲಿ ಹೊಲಿದುಕೊಡುವ ಚಮ್ಮಾರರು. ಸೇವೆಯೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರ ಬೇರೊಂದಿಲ್ಲ. ನಾವು ಕುರ್ಚಿಯಲ್ಲಿ ಕುಳಿತು ದುಡಿಯುವವರು, ಒಂದು ದಿನದ ಹಾದಿ ನಡೆಯಹೊರಟರೂ ಹೊಸ ಪಾದರಕ್ಷೆ ಧರಿಸಬಾರದು. ಎರಡು ವಾರ ಮೊದಲಿನಿಂದಲೇ ನಡೆದು ರೂಢಿಮಾಡಿಕೊಳ್ಳಬೇಕು. ಬೊಕ್ಕೆಯ ಚರ್ಮವನ್ನು ಕಿತ್ತೊಗೆಯದೆ ತೊಳೆದು ಶುಭ್ರವಾದ ಪಟ್ಟಿಯಿಂದ ಮುಚ್ಚಬೇಕು. ಮಧುಮೇಹವುಳ್ಳವರಿಗೆ ಪಾದದ ಗಾಯ ಅರಿವಿಗೆ ಬಾರದೆಯೇ ಇರಬಹುದು. ಅವರು ಬರಿಗಾಲಿನಲ್ಲಿ ನಡೆಯದೆ, ದಿನವೂ ಅಂಗಾಲನ್ನು ಪರೀಕ್ಷಿಸಿಕೊಳ್ಳುವುದು ಅತ್ಯವಶ್ಯ.

2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಪಾಯಿ ವಾರಿ ನಡೆಯಲಿಲ್ಲ. ಸಂತರ ಪಾದುಕೆಗಳನ್ನು ಕೆಲವೇ ಜನರೊಡನೆ ಬಸ್ಸಿನಲ್ಲಿ ಪಂಢರಪುರಕ್ಕೆ ಒಯ್ದರು. ಬಸ್ಸಿನ ಕಿಟಕಿಯ ಒಳಗೆ ಹೂವಿನ ನಡುವೆ ಪಾದುಕೆ, ಹೊರಗೆ ಖಾಲಿ ರಸ್ತೆ. ಆ ವರ್ಷಗಳ ಚಿತ್ರದ ಬೆನ್ನಿಗೆ ಇಸವಿಯನ್ನು ಬರೆಯದಿದ್ದರೆ ಮುಂದಿನವರು ಅದನ್ನು ನೋಡಿ ಏನೆಂದುಕೊಂಡಾರು?

ಬರೆಯುವ ಕ್ರಮ ಬಲು ಸರಳ. ದಿನಾಂಕವನ್ನು ಯಂತ್ರವೇ ದಾಖಲಿಸುತ್ತದೆ, ಅದರ ಗಡಿಯಾರ ಸರಿಯಿರಬೇಕಷ್ಟೆ. ಊರು, ದಿಂಡಿ, ವ್ಯಕ್ತಿಯ ಹೆಸರು, ಮಾಡುತ್ತಿದ್ದ ಕೆಲಸ, ಚಿತ್ರ ತೆಗೆದವರ ಹೆಸರು, ಇವಿಷ್ಟನ್ನು ಅಂದೇ ರಾತ್ರಿ ಬರೆದಿಡಬೇಕು. ಮರುದಿನಕ್ಕೆ ಅರ್ಧ ಮರೆತಿರುತ್ತದೆ. ಕನ್ನಡದಲ್ಲಿಯೇ ಬರೆಯೋಣ. ಒಂದು ಪ್ರತಿ ಗಣಕಯಂತ್ರದಲ್ಲಿ, ಒಂದು ಪ್ರತಿ ಬೇರೆ ಮನೆಯಲ್ಲಿಟ್ಟ ಡಿಸ್ಕಿನಲ್ಲಿ, ಆಯ್ದ ಕೆಲವು ಕಾಗದದ ಮೇಲೆ. ನನ್ನ ಕಾಲೇಜಿನ ದಿನಗಳ 36 ಚಿತ್ರಗಳ ಫಿಲ್ಮ್ ಸುರುಳಿ ಈಗ ಅಪರೂಪದ ವಸ್ತುವಾಗಿದೆ. ಜಗತ್ಪ್ರಸಿದ್ಧ ಕೊಡಾಕ್ರೋಮ್ ಫಿಲ್ಮನ್ನು ಅದರ ಕಂಪನಿಯೇ 2009ರಲ್ಲಿ ನಿಲ್ಲಿಸಿತು. ಇಂದಿನ ಯಂತ್ರಗಳೂ ಶಾಶ್ವತವಲ್ಲ. ನಮ್ಮ ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟಿನ ಅರ್ಧ ಭಾಗವನ್ನು ಇಂಥ ಚಿತ್ರಗಳಿಗೆ ಬಿಟ್ಟುಕೊಡುವಂತೆ ಕಾರ್ಯಕಾರಿ ಸಮಿತಿಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಕೊನೆಯದಾಗಿ ಇನ್ನೊಂದು ವಿಷಯ. ಅಂಕಲಿಯಿಂದ ಆಳಂದಿಯವರೆಗೆ ಕುದುರೆಗಳು ನಡೆಯುವ ಹತ್ತು-ಹನ್ನೊಂದು ದಿನಗಳ ಹಾದಿಯಲ್ಲಿ ದಿವೇ ಘಾಟಿನ ಕ್ಯಾಮೆರಾ ಜಾತ್ರೆ ಇರುವುದಿಲ್ಲ. ಕುದುರೆಗೆ ಮೇವು ಹಾಕುವವರು, ಹಳ್ಳಿಹಳ್ಳಿಯಲ್ಲಿ ಅದರ ಗೊರಸಿಗೆ ನೀರೆರೆದು ಆರತಿ ಬೆಳಗುವವರು, ಹಾದಿಯಲ್ಲಿ ಕನ್ನಡ ಮುಗಿದು ಮರಾಠಿ ಮೊದಲಾಗುವ ಊರುಗಳು, ಇವನ್ನು ಯಾರಾದರೂ ಕ್ರಮವಾಗಿ ಚಿತ್ರಿಸಿ ಬರೆದಿಡಬೇಕು. ತ್ರೈಮಾಸಿಕ ಲೆಕ್ಕ ಸಮೀಪಿಸುವ ಆ ದಿನಗಳಲ್ಲಿ ನನಗೆ ಅಷ್ಟು ರಜೆ ಮಂಜೂರಾಗುವುದಿಲ್ಲ. ಸಂಘದಲ್ಲಿ ನಿವೃತ್ತರಾದ, ಕಾಲು ಗಟ್ಟಿಯಿರುವ ಸದಸ್ಯರು ಯಾರಾದರೂ ಮುಂದೆ ಬಂದರೆ ಕ್ಯಾಮೆರಾವನ್ನೂ ಡೈರಿಯನ್ನೂ ನಾನು ಒದಗಿಸುತ್ತೇನೆ.